ಕತ್ತರಿಗೆ ಸಿಗದ ಮಾತು

ಹಾಲಿವುಡ್, ಮೇ ೧೯೪೪

ಪ್ರೀತಿಯ ಅಕ್ಕಾ,

ಇದನ್ನು ನಿನಗೆ ಹೇಳದೆ ಇದ್ದುಬಿಡೋಣ ಎಂದುಕೊಂಡಿದ್ದೆ. ಮತ್ತೆ ಆಸೆ ಹುಟ್ಟಿಸುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ನಾನು ಹಾಡಿದ ಸಿನಿಮಾ ಬಂದಾಗಲೆಲ್ಲ ನೀನು ನಮ್ಮಂಥ ಕರಿಯರಿಗೆಂದೇ ಬೇರೆ ಇಟ್ಟಿರುವ ಬಾಲ್ಕನಿಯಲ್ಲಿ ಕಾದು ಕೂತು, ನನ್ನ ಮುಖ ಕಾಣದೆ ಮನೆಗೆ ಹೋಗಿದ್ದೀಯ. ಇಲ್ಲಿ ನಮ್ಮವರ ಹಾಡನ್ನು ಬೇರೆಯಾಗಿಯೇ ತೆಗೆದಿರುತ್ತಾರೆ. ನಿಮ್ಮ ದಕ್ಷಿಣದ ಊರುಗಳಿಗೆ ಕಳಿಸುವಾಗ, ಅಲ್ಲಿನ ಬಿಳಿಯರು ಒಪ್ಪುವುದಿಲ್ಲವೆಂದು ಅದನ್ನು ಕತ್ತರಿಸಿ ಹಾಕಿದರೂ ಕತೆಗೆ ಏನೂ ಆಗುವುದಿಲ್ಲ.

ಈ ಸಲ ನಾನು ಮನೆಗೆಲಸದವಳು. ನಿನ್ನೆ ಡಾಕ್ಟರ್ ಪಾತ್ರದವನಿಗೆ ಹಲ್ಲುನೋವು ಬಂದು ಕೆನ್ನೆ ಊದಿಕೊಂಡಿತು. ಆತುರದಲ್ಲಿದ್ದ ನಿರ್ದೇಶಕ ಅವನ ಮಾತನ್ನು ನನಗೇ ಕೊಟ್ಟುಬಿಟ್ಟ: "ಅಮ್ಮಾವ್ರೇ, ನಿಮ್ಮ ಯಜಮಾನ್ರು ಬದುಕಿದ್ದಾರೆ!" ನಾಯಕಿ ನನ್ನ ಕೈ ಹಿಡಿದು ಅತ್ತಳು. ಕ್ಯಾಮೆರಾ ಇಬ್ಬರನ್ನೂ ಒಟ್ಟಿಗೇ ಹಿಡಿಯಿತು. ಅಕ್ಕಾ, ಈಗ ನನ್ನನ್ನು ಕತ್ತರಿಸಿದರೆ ಗಂಡ ಬದುಕಿರುವುದು ಯಾರಿಗೂ ಗೊತ್ತಾಗುವುದೇ ಇಲ್ಲ!

ಅಡುಗೆಯವಳ ಪಾತ್ರ ಮಾಡುವ ಲುವೀನಿಯಾ ನನ್ನ ಕಿವಿಯಲ್ಲಿ ಹೇಳಿದಳು: "ಹಲ್ಲು ಕಿರೀಬೇಡ ಕಣೇ! ಅವ್ರಿಗಿನ್ನೂ ಹೊಳೆದಿಲ್ಲ. ಮೆತ್ತಗೆ ಹೋಗಿ ತಟ್ಟೆ ಒರೆಸ್ತಾ ನಿಂತ್ಕೋ." ಹಾಗೇ ನಿಂತೆ. ನಗು ತಡೆಯಲಾಗದೆ ಒಂದು ತಟ್ಟೆ ಒಡೆದೆ.

ಮಂಡಿ ನೋವು ಕಡಿಮೆಯಾಗಿದೆ, ಊಟ ಸೇರುತ್ತಿದೆ, ಚಿಂತೆ ಮಾಡಬೇಡ.

ಈ ಅಂಚೆ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಸ್ಟುಡಿಯೋದವರ ಕಿವಿಗೆ ಬಿದ್ದರೆ ಆ ದೃಶ್ಯವನ್ನು ಮತ್ತೆ ತೆಗೆದಾರು. ಸಿನಿಮಾ ಡಬ್ಬಗಳು ಅಕ್ಟೋಬರ್ ಎಂಟಕ್ಕೆ ನಿಮ್ಮ ಕಡೆಯ ರೈಲು ಹತ್ತುತ್ತವಂತೆ. ಅಲ್ಲಿಯವರೆಗೆ ಇದು ನನ್ನ ದಿಂಬಿನ ಕೆಳಗಿರಲಿ.

ನಿನ್ನ ತಂಗಿ,
ಅರ್ಲೀನ್

ಅಂಚೆಗೆ ಹಾಕುವುದು: ಅಕ್ಟೋಬರ್ ೯