ಬೂತ್ ಸೋದರರೂ ನನ್ನ ತಮ್ಮಂದಿರೂ

೨೧ ನವೆಂಬರ್ ೨೦೨೪, ಗುರುವಾರ. ಕೋಲಾರ.

ಬೆಳಿಗ್ಗೆ ಕಾಲೇಜಿನಲ್ಲಿ ಮಾಡಿದ ಪಾಠ ತಲೆಯಿಂದ ಹೋಗುತ್ತಿಲ್ಲ. ಅಮೆರಿಕದ ನಾಟಕದ ಮನೆತನವೊಂದರ ಅಣ್ಣತಮ್ಮಂದಿರು, ಇಬ್ಬರೂ ನಟರು. ಅಣ್ಣ ಎಡ್ವಿನ್ ಬೂತ್ ಲಿಂಕನ್ನರ ಮಗನನ್ನು ರೈಲಿನಡಿ ಬೀಳದಂತೆ ಎಳೆದು ಉಳಿಸಿದವನು. ತಮ್ಮ ಜಾನ್ ಲಿಂಕನ್ನರನ್ನೇ ಗುಂಡಿಟ್ಟು ಕೊಂದವನು.

"ಒಂದೇ ಮನೇಲಿ ಹೆಂಗೆ ಮಿಸ್?" ಎಂದಳು ಚಂದನ. ಗಂಟೆ ಹೊಡೆಯಿತು, ಪುಸ್ತಕ ಮುಚ್ಚಿ ಹೊರಬಂದೆ.

ನನ್ನ ತಮ್ಮಂದಿರೂ ಅಪ್ಪನಂತೆ ಪೌರಾಣಿಕ ನಾಟಕದವರು. ದೊಡ್ಡವನು ಅಮರ ದುರ್ಯೋಧನ, ಚಿಕ್ಕವನು ಆಂಜಿ ಕೃಷ್ಣ. ಮಧ್ಯಾಹ್ನ ನಮ್ಮೂರು ನಂಗಲಿಗೆ ಹೋಗಿ, ಕಿರೀಟ ಒರೆಸಿಡೋಣವೆಂದು ಆಂಜಿಯ ಪೆಟ್ಟಿಗೆ ತೆಗೆದೆ. ಪೀತಾಂಬರದೊಳಗೆ ಸಾಣೆ ಹಿಡಿಸಿದ ಮಚ್ಚು ಇತ್ತು.

"ಇದ್ಯಾಕೋ? ಕೃಷ್ಣ ಆಯುಧ ಹಿಡಿಯಲ್ಲ ಅಲ್ವಾ?"

ಪಕ್ಕದಲ್ಲಿದ್ದ ಆಂಜಿ ನಗಲಿಲ್ಲ. "ಶನಿವಾರ ಊರಿನ ಆ ಮುಖಂಡ ನಮ್ಮ ನಾಟಕಕ್ಕೆ ಬರ್ತಾನೆ. ಅವನು ಅಪ್ಪನಿಗೆ ಚಪ್ಪಲೀಲಿ ಹೊಡೆದಿದ್ದು ನಾನು ಮರ್ತಿಲ್ಲ ಕಣಕ್ಕಾ."

ಓಡಿಹೋಗಿ ಅಮರನಿಗೆ ಹೇಳಿದೆ. ಅವನು ಬಂದು ತಮ್ಮನೆದುರು ನಿಂತ. "ಅಪ್ಪ ಏಟು ತಿಂದಾಗ ನಾನೂ ಅಲ್ಲೇ ಇದ್ದೆ ಕಣೋ. ಸುಮ್ನೆ ನೋಡ್ತಾ ನಿಂತಿದ್ದೆ. ಮೊದಲು ನನ್ನ ಕಡಿ."

ಆಂಜಿ ಬಿಕ್ಕಿಬಿಕ್ಕಿ ಅತ್ತ. ಮಚ್ಚನ್ನು ಅಣ್ಣನ ಕೈಗೆ ಕೊಟ್ಟ. ನನಗೆ ಉಸಿರು ಬಂದಂತಾಯಿತು.

ಅಮರ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದ. ಪ್ರತಿ ನಾಟಕಕ್ಕೂ ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಾಕಿಸುವವನು, ಕಿಟಕಿಯ ಹತ್ತಿರ ನಿಂತು ಮೆಲ್ಲಗೆ ಹೇಳಿದ: "ಅಕ್ಕಾ, ಶನಿವಾರ ನೀನು ಬರಬೇಡ."

ಬಸ್ಸು ಹೊರಟಿತ್ತು. ಯಾಕೆ ಎಂದು ಕೇಳಲಾಗಲಿಲ್ಲ. ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಆ ಮಚ್ಚನ್ನು ಅವನ ಕೈಯಿಂದ ಇಸಿದುಕೊಳ್ಳಬೇಕೆಂದು ನನಗೆ ಯಾಕೆ ಹೊಳೆಯಲಿಲ್ಲ?