ಹದಿನಾಲ್ಕು ಕೊಂಡಿ, ಹನ್ನೊಂದು ಎಸಿ

ಆಮ್ರಪಾಲಿ,

ಭಾನುವಾರ ಮಧ್ಯಾಹ್ನ ನಮ್ಮ ಕಣಗಲಾ ಊರಿನಲ್ಲಿ ನಮ್ಮಿಬ್ಬರ ಓಣಿಗೂ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಮತ್ತೆ ಸುಟ್ಟುಹೋಯಿತು. ನಮ್ಮ ಓಣಿಯ ಒಂಬತ್ತು ಮನೆಗಳಲ್ಲಿ ಹನ್ನೊಂದು ಎಸಿ ಇವೆ, ಅದಕ್ಕೆ ತಕ್ಕಂತೆ ಲೋಡ್ ಮಂಜೂರು ಮಾಡಿಸಿಕೊಂಡವರು ಇಬ್ಬರೇ ಎಂದು ಲೈನ್‌ಮನ್ ಭೀಮಶಿ ಮನೆಮನೆ ನೋಡಿ ವರದಿ ಕೊಟ್ಟಿದ್ದಾನೆ. ಆ ಇಬ್ಬರಲ್ಲಿ ನಾನಿಲ್ಲ.

ನಿಮ್ಮ ಓಣಿಯ ಕೊಂಡಿಗಳನ್ನು ಕಿತ್ತು ಆಗಲೇ ಮೂರು ವಾರ. ಕೀಳಿಸಿದ್ದು ಪತ್ರಿಕೆಯಲ್ಲಿ ನಾನು ಬರೆದ ಸುದ್ದಿ.

ಏಪ್ರಿಲ್‌ನಲ್ಲಿ ಹಳೆಯದು ಸುಟ್ಟು ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ ಮರುದಿನ ನಾನು ನೋಟ್‌ಬುಕ್ ಹಿಡಿದು ನಿಮ್ಮ ಓಣಿಗೆ ಬಂದು, ಮೀಟರಿಲ್ಲದೆ ತಂತಿಗೆ ಹಾಕಿದ ಕೊಂಡಿಗಳನ್ನು ಎಣಿಸಿದೆ: ಹದಿನಾಲ್ಕು. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ನೀನು ಯಂತ್ರ ನಿಲ್ಲಿಸದೆಯೇ ಕೇಳಿದೆ: "ಗುರುಪಾದ ಕಾಕಾರ, ನಮ್ಮ ಕೊಂಡಿ ಎಣಿಸಿದ್ರಿ. ನಿಮ್ಮ ಓಣ್ಯಾಗ ಗ್ವಾಡಿಗಿ ಬಡದಿದ್ದ ಎಸಿ ಡಬ್ಬಿ ಎಷ್ಟದಾವು, ಅವನ್ನೂ ಎಣಿಸಿದ್ರೇನ್ರಿ?"

"ಅವರು ಬಿಲ್ ಕಟ್ಟತಾರವ್ವಾ" ಎಂದೆ.

"ನಾವೂ ಕಟ್ಟತೀವಿ, ಮೀಟರ್ ಕೊಡಸ್ರಿ. ಮನಿ ಹಕ್ಕಿನ ಕಾಗದ, ಉತಾರ ತಾ ಅಂತ ಕರೆಂಟ್ ಆಫೀಸಿನವ್ರು ಎರಡ ವರ್ಷ ತಿರಗಸಾಕತ್ತಾರ."

ನಿಮ್ಮ ಅವ್ವ ಸೀತವ್ವ ಒಳಗಿನಿಂದ, "ಪೇಪರ್‌ನ್ಯಾಗ ನಮ್ಮ ಫೋಟೋ ಬರತೈತೇನ್ರಿ? ತಡೀರಿ, ಚಲೋ ಸೀರಿ ಉಟ್ಟಗೊಂಡ ಬರತೀನಿ" ಎಂದಳು. ನಾನೂ ನಕ್ಕೆ.

ಮನೆಗೆ ಬಂದು ಎಸಿ ಹಚ್ಚಿಕೊಂಡೇ ಸುದ್ದಿ ಬರೆದೆ. ಆ ಎಸಿ ಕೊಂಡಾಗ ಲೋಡ್ ಹೆಚ್ಚಿಸಿಕೊಳ್ಳಿ ಎಂದು ಅಂಗಡಿಯವನು ಹೇಳಿದ್ದ, ನೋಡೋಣ ಎಂದಿದ್ದೆ. ಹಾಗಾಗಿ ಗೊತ್ತಿರಲಿಲ್ಲ ಎನ್ನಲಾರೆ. ನಿನ್ನ ಪ್ರಶ್ನೆಯನ್ನೂ ಉತಾರದ ಮಾತನ್ನೂ ಬಿಟ್ಟೆ. ಹದಿನಾಲ್ಕು ಎಂಬ ಅಂಕಿ ಮಾತ್ರ ಶೀರ್ಷಿಕೆಗೆ ಹೋಯಿತು.

ನಿನ್ನೆ ಕೂಡಿಸಿ ನೋಡಿದೆ. ಹದಿನಾಲ್ಕು ಮನೆಗಳ ಬಲ್ಬು, ಫ್ಯಾನು ಎಲ್ಲ ಸೇರಿದರೂ ನನ್ನ ಒಂದು ಎಸಿ ಎಳೆಯುವಷ್ಟು ಕರೆಂಟ್ ಆಗುವುದಿಲ್ಲ. ನಿಮ್ಮದನ್ನು ಕಳವು ಎಂದು ಬರೆದೆ. ನನ್ನದಕ್ಕೆ ಹೆಸರೇ ಇಟ್ಟಿರಲಿಲ್ಲ.

ಕೊಂಡಿ ಕಿತ್ತು ಮೋಟರು ನಿಂತ ಮೇಲೆ ನೀನು ಹೊಲಿಗೆ ಯಂತ್ರವನ್ನು ಕಾಲಲ್ಲಿ ತುಳಿಯುತ್ತಿದ್ದೀಯೆಂದು, ಇನ್ನೂರು ಜೊತೆ ಸಮವಸ್ತ್ರದ ಕೆಲಸದಲ್ಲಿ ಅರ್ಧ ಬೇರೆಯವರಿಗೆ ಹೋಯಿತೆಂದು ನನ್ನ ಹೆಂಡತಿ ಶೋಭಾ ಹೇಳಿದಳು. ಶಾಲೆ ತೆರೆಯುವುದರೊಳಗೆ ಉಳಿದರ್ಧ ಮುಗಿಯದಿದ್ದರೆ ಮುಂದಿನ ವರ್ಷ ಆ ಕೆಲಸವೇ ನಿನಗಿಲ್ಲವಂತೆ. ಅದನ್ನು ಕೇಳಿದ ಮೇಲೆ ಎರಡು ದಿನ ನಿಮ್ಮ ಓಣಿ ತಪ್ಪಿಸಿ, ಹೆದ್ದಾರಿ ಸುತ್ತಿ ಮನೆಗೆ ಬಂದೆ. ಕ್ಷಮಿಸು ಎಂದು ಈ ಕಾಗದದಲ್ಲಿ ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಗುರುತು ಕಾಣುತ್ತದೆ.

ನಿನ್ನ ಹೊಲಿಗೆ ಹೊತ್ತಿಗೆ ಮುಗಿಯಲಿ, ತಂಗಿ.

ನಾಳೆಯ ಪತ್ರಿಕೆಯಲ್ಲಿ ತಿದ್ದುಪಡಿ ಬರುತ್ತದೆ, ಹನ್ನೊಂದು ಎಸಿಗಳ ಲೆಕ್ಕದೊಂದಿಗೆ, ನನ್ನದೂ ಸೇರಿ. ಗುರುವಾರ ಹನ್ನೊಂದಕ್ಕೆ ಹುಕ್ಕೇರಿಯ ವಿದ್ಯುತ್ ಕಚೇರಿಯಲ್ಲಿ ನಿನ್ನ ಮೀಟರ್ ಅರ್ಜಿಯ ವಿಚಾರಣೆ. ಉತಾರದ ಬದಲು, ಆ ಮನೆಯಲ್ಲಿ ಇರುವವಳು ನೀನೇ ಎಂದು ಸಾಕ್ಷಿ ಸಹಿ ಮಾಡಲು ಬರುತ್ತೇನೆ.

ಗುರುಪಾದ