ಮೊದಲ ಪಾಠ ಮಾತ್ರ ಉಚಿತ

ಮಂಗಳವಾರ, ಜೂನ್ ೧೧

ಮಗಳು ಇಂದು ಸ್ಪ್ಯಾನಿಷ್ ಟೀಚರಿಗೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಕಲಿಸಿದ ಗುರು ನಾನೇ.

ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇವೆಂದು ಎದೆ ತಟ್ಟಿಕೊಂಡವರು ನಾವು. ಕೈಗೆಟುಕುವ ಆನ್‌ಲೈನ್ ಸ್ಪ್ಯಾನಿಷ್ ಕೋರ್ಸ್ ಹುಡುಕಿ ಹುಡುಕಿ ಸುಸ್ತಾದಾಗ ನನಗೊಂದು ಉಪಾಯ ಹೊಳೆಯಿತು: ಎಲ್ಲ ಕೋರ್ಸಿನಲ್ಲೂ ಮೊದಲ ಪಾಠ ಉಚಿತ. ಒಂದು ಕಡೆ ಮುಗಿದರೆ ಇನ್ನೊಂದು ಕಡೆ. ಎಲ್ಲವೂ ಮುಗಿದ ಮೇಲೆ ಅವಕ್ಕೇ ಮತ್ತೆ ಮಗಳನ್ನು ಬೇರೆ ಹೆಸರಿನಲ್ಲಿ ಸೇರಿಸುವುದು. ಮನೆಯೇ ಮೊದಲ ಪಾಠಶಾಲೆ ಎನ್ನುತ್ತಾರಲ್ಲ, ನಮ್ಮದು ಬರೀ ಮೊದಲ ಪಾಠದ ಶಾಲೆ ಎಂದು ಮೊನ್ನೆ ನಾನೇ ಹೇಳಿ ನಾನೇ ನಕ್ಕೆ.

"ನಗ್ರಿ, ನಗ್ರಿ. ಮಗು ನೋಡ್ತಾ ಇದೆ," ಎಂದಳು ಹೆಂಡತಿ.

ಇಂದು ಟೀಚರ್ ಪರದೆಯ ಮೇಲೆ ಬರುವ ಮುನ್ನ ಮಗಳು ಪಿಸುಗುಟ್ಟಿದಳು, "ಅಪ್ಪಾ, ಇವತ್ತು ನನ್ನ ಹೆಸರೇನು?"

ಹೇಳಿಕೊಟ್ಟೆ. ಪಾಪ, ಟೀಚರ್ ಹಿಗ್ಗಿಹೋದರು. "ಎಷ್ಟು ಚೆನ್ನಾಗಿ ಹೇಳ್ತೀಯ ಪುಟ್ಟಿ! ಮುಂಚೆ ಎಲ್ಲಾದ್ರೂ ಕಲ್ತಿದ್ಯಾ?"

"ಇಲ್ಲ ಮಿಸ್." ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಇಂಥ ಮಗು ಪಡೆಯಲು ಪುಣ್ಯ ಮಾಡಿರಬೇಕು ಎಂದು ಟೀಚರ್ ನನ್ನನ್ನೂ ಹೊಗಳಿದರು. ನಾನು ಹಲ್ಲು ಬಿಟ್ಟೆ.

ಮಲಗುವಾಗ ಅವಳು ಕೇಳಿದಳು, "ಅಪ್ಪಾ, ಎರಡನೇ ಪಾಠದಲ್ಲಿ ಏನಿರತ್ತೆ?"

ದೂರಿನ ದನಿಯಲ್ಲ. ಎಂದೂ ಕಾಣದ ಊರಿನ ಬಗ್ಗೆ ಕೇಳಿದ ಹಾಗಿತ್ತು. ನನ್ನ ಮುಖ ಅವಳಿಗೆ ಕಾಣದಿರಲೆಂದು ದೀಪ ಆರಿಸಿದೆ.

ನಾಳೆ ಟೀಚರಿಗೆ ಫೋನ್ ಮಾಡಿ ನಿಜ ಹೇಳಬೇಕು, ಕೋರ್ಸಿಗೆ ಸೇರಿಸಬೇಕು. ಹೇಳುವಾಗ ಮಗಳು ಪಕ್ಕದಲ್ಲೇ ಕೂತಿರಬೇಕು. ಆದರೆ ಅವಳ ಎದುರಿಗೆ ಮಾತು ಎಲ್ಲಿಂದ ಶುರು ಮಾಡಲಿ?